ಹುಲಿ ಮುಖವಾಡದ ಹಿಂಬದಿ

ಆ ಪುಟವನ್ನು ನಾನು ನೋಡಿದ್ದೆ. ನೋಡಿದ ಮೇಲೆಯೇ, ಅದರಲ್ಲಿ ಈರಣ್ಣನವರ ಚಿತ್ರ ಇಲ್ಲ ಎಂದು ಈರಣ್ಣನವರಿಗೇ ಹೇಳಿದೆ.

ಕಣ್ತಪ್ಪಿ ಆದದ್ದಲ್ಲ. ಅವಸರದಲ್ಲಿ ಆದದ್ದೂ ಅಲ್ಲ. ಬದುಕಿನ ಬಹುಪಾಲನ್ನು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಕಳೆದವನು ನಾನು. ಯಾರು ಹೇಳಿದರು, ಯಾರು ನೋಡಿದರು, ನೀವೇ ನೋಡಿದಿರಾ ಎಂದು ವರದಿಗಾರರನ್ನು ಕೇಳಿ ಕೇಳಿಯೇ ಕೂದಲು ಬೆಳ್ಳಗಾಯಿತು. ಆ ದಿನ ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ಕೇಳಬೇಕಾದವನು ನಾನೇ ಆಗಿದ್ದೆ.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನಮ್ಮದೊಂದು ಸಣ್ಣ ಗುಂಪಿತ್ತು. ಹಳೆಯ ಕನ್ನಡ ಚಿತ್ರಕಥೆಯ ಪುಸ್ತಕಗಳನ್ನು ಕೂಡಿಡುವವರ ಗುಂಪು. ತಿಂಗಳಿಗೊಂದು ಭಾನುವಾರ ಬ್ರೂಕ್‌ಫೀಲ್ಡ್‌ನಲ್ಲಿ, ಕಿಶೋರನ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ ಸೇರುತ್ತಿದ್ದೆವು. ಕಿಶೋರ ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ತಪ್ಪು ಹುಡುಕುವುದೇ ಅವನ ಉದ್ಯೋಗ. ಭಾನುವಾರವೂ ಅದನ್ನು ಬಿಡುತ್ತಿರಲಿಲ್ಲ. ಈರಣ್ಣ ನಗರದ ಇನ್ನೊಂದು ತುದಿಯ ಪೀಣ್ಯದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಗದಗಿನ ಕಡೆಯವರು, ಪೀಣ್ಯದಲ್ಲಿ ಲೋಹದ ಭಾಗಗಳಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು.

ನಮ್ಮೆಲ್ಲರ ದೇವರು ಒಬ್ಬನೇ — ಕಂಬಳಿವೀರ. ನಾವು ಚಿಕ್ಕವರಿದ್ದಾಗ ‘ಹಾರುಗುದುರೆ’ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ ಬರುತ್ತಿದ್ದ ನಾಯಕ. ಹೆಗಲ ಮೇಲೆ ಕರಿಕಂಬಳಿ, ಅದರ ಅಂಚಿನಿಂದ ಮೂಗಿನವರೆಗೆ ಮುಚ್ಚಿದ ಮುಖ, ಕೈಯಲ್ಲಿ ಒಂದು ಕೋಲು. ಅವನ ಬಗ್ಗೆ ನಾವು ಜಗಳವಾಡಿದಷ್ಟು ನಮ್ಮ ಮನೆಯವರ ಬಗ್ಗೆಯೂ ಆಡಿರಲಾರೆವು. ಒಂದು ಸಂಚಿಕೆಯಲ್ಲಿ ಸತ್ತ ಅವನ ತಾಯಿ ಮುಂದಿನ ವರ್ಷ ರೊಟ್ಟಿ ತಟ್ಟುತ್ತಾ ಕುಳಿತಿರುವುದು ಹೇಗೆ? ಅವಳು ಮಲತಾಯಿ ಎಂದು ಒಬ್ಬರು, ಹಳೆಯ ಘಟನೆಯನ್ನು ಈಗ ಹೇಳುತ್ತಿದ್ದಾರೆ ಎಂದು ಇನ್ನೊಬ್ಬರು.

“ಚಿತ್ರ ಬರೆಯೋನು ಮರ್ತಿದಾನೆ ಅಷ್ಟೇ ಗುರು, ಅದಕ್ಯಾಕೆ ಸಿದ್ಧಾಂತ,” ಎಂದು ಕಿಶೋರ ನಗುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಚರ್ಚೆ, ಅವನು ಮೊದಲು ಕಾಣಿಸಿಕೊಂಡದ್ದು ಎಲ್ಲಿ ಎಂಬುದು. ಕೂಡಿಡುವವರಿಗೆ ಇದು ಸಣ್ಣ ಮಾತಲ್ಲ. ನಾಯಕ ಮೊದಲು ಬಂದ ಸಂಚಿಕೆ ಯಾರ ಕೈಯಲ್ಲಿದೆಯೋ ಅವರ ಮಾತಿಗೆ ಗುಂಪಿನಲ್ಲಿ ತೂಕ. ಒಂದು ದೀಪಾವಳಿ ಸಂಚಿಕೆಯಲ್ಲಿ ಅವನ ಮೊದಲ ಕಥೆ ಬಂದಿತ್ತು. ಅದರ ಒಂದು ಒಳ್ಳೆಯ ಪ್ರತಿ ನನ್ನಲ್ಲಿತ್ತು — ನನಗೆ ತಿಳಿದಂತೆ ನನ್ನೊಬ್ಬನಲ್ಲೇ. ಅಷ್ಟೇ ಅಲ್ಲ, ಅದರ ಚಿತ್ರಕಾರರು ತೀರಿಕೊಳ್ಳುವ ಮುನ್ನ ಅವರನ್ನು ಕಂಡು ನನ್ನ ಪತ್ರಿಕೆಯ ಭಾನುವಾರದ ಪುರವಣಿಗೆ ಬರೆದಿದ್ದೆ. ಕಂಬಳಿವೀರ ತಮಗೆ ಒಂದು ಬೆಳಗಿನ ಜಾವ ಕನಸಿನಲ್ಲಿ ಬಂದ ಎಂದಿದ್ದರು ಅವರು. ನಾನೂ ಹಾಗೆಯೇ ಬರೆದೆ. ಆ ಲೇಖನದ ನಂತರ ಗುಂಪಿನಲ್ಲಿ ಯಾವ ವಾದವಾದರೂ ನನ್ನ ಕಡೆ ತಿರುಗಿ ನಿಲ್ಲುತ್ತಿತ್ತು — ಸಾರ್ ಹೇಳಲಿ, ದಾಖಲೆ ಅವರದು.

ಈರಣ್ಣನವರದು ಬೇರೆಯೇ ಮಾತು. ಮೊದಲ ಕೆಲವು ಕಥೆಗಳಲ್ಲಿ ಕಂಬಳಿಯ ಎಡ ಮೂಲೆಯಲ್ಲಿ ಒಂದು ಚೌಕ ತೇಪೆ ಕಾಣುತ್ತದೆ, ಆಮೇಲೆ ಮಾಯ. ಅಚ್ಚಿನ ದೋಷ ಎಂಬುದು ಕಿಶೋರನ ತೀರ್ಮಾನ. ಈರಣ್ಣ ಅಲ್ಲವೆಂದು ಮೆಲ್ಲಗೆ ತಲೆಯಾಡಿಸುತ್ತಿದ್ದರು.

“ಅದು ನಮ್ಮಪ್ಪನ ಕಂಬಳೀರಿ. ಒಲಿ ಕಿಡಿ ಬಿದ್ದು ಸುಟ್ಟಿತ್ತು, ನಮ್ಮವ್ವ ತ್ಯಾಪಿ ಹಚ್ಚಿದ್ಳು. ನಾ ಐದನೇತ್ತೆ ಇದ್ದಾಗ ಅದರ ಚಿತ್ರ ಬರದು ಕಳಿಸಿದ್ದೆ. ಹುಲಿ ಮುಖವಾಡ ಕೊಟ್ಟಿದ್ರಲ್ಲ, ಆ ಸಂಚಿಕೆಯೊಳಗ ಬಂದಿತ್ತು. ನನ್ನ ಚಿತ್ರ ನೋಡೇ ಅವರು ಕಂಬಳಿವೀರನ್ನ ಮಾಡಿದ್ದು.”

ಆ ಸಂಚಿಕೆ ದೀಪಾವಳಿಗಿಂತ ಕೆಲವು ತಿಂಗಳು ಮೊದಲಿನದು. ಹಿಂಬದಿಯ ರಕ್ಷಾಪುಟದ ಹೊರಮೈಯಲ್ಲಿ ಕತ್ತರಿಸಿ ಕಟ್ಟಿಕೊಳ್ಳುವ ಹುಲಿಯ ಮುಖವಾಡ. ಒಳಮೈಯಲ್ಲಿ ಓದುಗ ಮಕ್ಕಳು ಬರೆದ ಚಿತ್ರಗಳು. ನಾಡಿನ ಮಕ್ಕಳೆಲ್ಲ ಮುಖವಾಡ ಕತ್ತರಿಸಿದರು, ಅದರೊಂದಿಗೆ ಹಿಂಬದಿಯ ಚಿತ್ರಗಳೂ ಹೋದವು. ಈರಣ್ಣನವರ ಪ್ರತಿಯನ್ನು ಅವರ ತಮ್ಮನೇ ಕತ್ತರಿಸಿದ್ದನಂತೆ. ನಾವು ಕಂಡ ಪ್ರತಿಗಳಲ್ಲೆಲ್ಲ ಆ ಜಾಗದಲ್ಲಿ ಹುಲಿಯಾಕಾರದ ತೂತು. ಕತ್ತರಿ ಬೀಳದ ಒಂದೇ ಒಂದು ಪ್ರತಿ ಹಳೆಯ ಕಾಗದದ ಅಂಗಡಿಯೊಂದರಲ್ಲಿ ನನಗೆ ಸಿಕ್ಕಿತ್ತು. ಸಿಕ್ಕ ದಿನವೇ ಅದಕ್ಕೆ ರಟ್ಟು ಕೊಟ್ಟು, ಪ್ಲಾಸ್ಟಿಕ್ ಕವರಿಗೆ ಹಾಕಿ, ಟೇಪು ಅಂಟಿಸಿದ್ದೆ. ಮುಖವಾಡ ಹೊರಗಿನಿಂದಲೇ ಕಾಣುತ್ತಿತ್ತು. ಒಳಗೆ ಏನಿದೆ ಎಂದು ನೋಡುವ ಯೋಚನೆ — ಈಗ ಹೇಳಿದರೆ ನಗು ಬರಬಹುದು — ನಮ್ಮಲ್ಲಿ ಉಳಿದ ಯಾರಿಗೂ ಬಂದಿರಲಿಲ್ಲ, ಈರಣ್ಣನವರೂ ಬಾಯಿಬಿಟ್ಟು ಕೇಳಿರಲಿಲ್ಲ. ಕವರು ಸೇರಿದ ಪುಸ್ತಕವನ್ನು ಸಭೆಯಲ್ಲಿ ಬಿಚ್ಚಬಾರದು, ಕೈಬೆವರು ತಾಗಬಾರದು ಎಂಬುದು ಗುಂಪಿನ ನಿಯಮ. ಮಾಡಿದವನು ನಾನು. ಓದಲೆಂದು ಅಚ್ಚಾದ ಪುಸ್ತಕಗಳನ್ನು ನಾವು ಓದಲಾಗದಂತೆ ಕಾಪಾಡುತ್ತಿದ್ದೆವು.

ಒಂದು ಭಾನುವಾರ ಗುಂಪಿನ ಪ್ರದರ್ಶನ ಇಟ್ಟೆವು. ಈರಣ್ಣ ಮಗಳು ನೀಲಾಳನ್ನು ಕರೆತಂದಿದ್ದರು. ಆರನೆಯ ತರಗತಿ ಇರಬೇಕು. ಹುಲಿ ಮುಖವಾಡದ ಪ್ರತಿ ಕಂಡದ್ದೇ ಅವಳು ಮೇಜಿನ ಮುಂದೆ ನಿಂತುಬಿಟ್ಟಳು.

“ಅಪ್ಪಾ, ಇದೇನಾ? ಇದ್ರ ಹಿಂದೇನಾ ನಿಮ್ಮ ಚಿತ್ರ ಇರೋದು?”

“ಇದ ನೋಡವ್ವಾ. ಇದರ ಬೆನ್ನಿಗೇ ಐತಿ.”

ಕಿಶೋರ ಕೇಳಿಸಿಕೊಂಡ. “ಈರಣ್ಣಾವ್ರೇ, ನಾನೂ ಒಂದು ಹೇಳ್ತೀನಿ ಕೇಳಿ. ನಮ್ಮಜ್ಜಿಗೆ ಶೀತ ಆಗಿತ್ತು, ಅದನ್ನ ನೋಡೇ ಕಂಬಳಿವೀರ ಮೂಗು ಮುಚ್ಕೊಂಡಿದ್ದು.”

ನಾಲ್ಕಾರು ಜನ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಹುಡುಗಿ ಅಪ್ಪನ ಮುಖ ನೋಡಿದಳು — ಅಪ್ಪ ಹೇಳಿದ್ದು ನಿಜವೋ ಎಂದು ಮಕ್ಕಳು ಹಾಗೆ ನೋಡುವುದು ಅಪರೂಪ. ಈರಣ್ಣ ನನ್ನ ಕಡೆ ತಿರುಗಿದರು.

“ಸರ, ಒಮ್ಮೆ ಬಿಚ್ಚಿ ತೋರಿಸ್ರಿ. ಸಾಲ್ಯಾಗ ಎಲ್ಲಾರಿಗೂ ಹೇಳ್ಕೊಂಡು ಬಂದಾಳ.”

“ನಿಯಮ ಇದೆಯಲ್ಲ ಈರಣ್ಣ,” ಎಂದೆ. “ಮನೆಯಲ್ಲಿ ನೋಡಿ ಹೇಳ್ತೀನಿ.”

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಟೇಪು ಬಿಡಿಸಿದೆ. ಹುಡುಕಬೇಕಾಗಲಿಲ್ಲ. ಪುಟದ ಮೇಲ್ಭಾಗದಲ್ಲೇ ಇತ್ತು — ಬಾವಿಯ ಕಟ್ಟೆಯ ಮೇಲೆ ನಿಂತವನು, ಹೆಗಲಿಗೆ ಕಂಬಳಿ, ಮೂಗಿನವರೆಗೆ ಮುಚ್ಚಿದ ಮುಖ, ಎಡ ಮೂಲೆಯಲ್ಲಿ ಚೌಕ ತೇಪೆ. ಕೆಳಗೆ ಅಚ್ಚಿನ ಅಕ್ಷರದಲ್ಲಿ ಈರಣ್ಣ, ಐದನೇ ತರಗತಿ, ಊರಿನ ಹೆಸರು, ಗದಗ ತಾಲ್ಲೂಕು, ಧಾರವಾಡ ಜಿಲ್ಲೆ. ಎಲ್ಲವೂ ಅವರು ಹೇಳಿದ ಹಾಗೆಯೇ.

ಪುಟ ಮುಚ್ಚಿದೆ. ಹೊಸ ಟೇಪು ಅಂಟಿಸಿದೆ. ಆಗ ಏನು ಯೋಚಿಸಿದೆ ಎಂದು ಈಗ ನೆನೆಸಿಕೊಳ್ಳಲು ಹೊರಟರೆ... ದೊಡ್ಡ ಯೋಚನೆಯೇನೂ ಇರಲಿಲ್ಲ. ನನ್ನ ದೀಪಾವಳಿ ಸಂಚಿಕೆ ಎರಡನೆಯದಾಗುತ್ತದೆ. ನನ್ನ ಲೇಖನ ತಪ್ಪಾಗುತ್ತದೆ. ಕಿಶೋರ ನಗುತ್ತಾನೆ — ಈ ಸಲ ನನ್ನನ್ನು ನೋಡಿ. ಇಷ್ಟೇ. ಒಬ್ಬ ಮನುಷ್ಯನ ಮಾತನ್ನು ಹೂತುಹಾಕಲು ನನಗೆ ಇಷ್ಟೇ ಸಾಕಾಯಿತು.

ಎರಡು ದಿನ ಬಿಟ್ಟು ಸಂಜೆ ಈರಣ್ಣನವರ ಫೋನು ಬಂತು.

“ಸರ, ನೋಡಿದ್ರೇನ್ರಿ? ಮಗಳೂ ಇಲ್ಲೇ ಬಾಜೂಕ ಅದಾಳ. ಜೋರಾಗಿ ಕೇಳೂ ಹಂಗ ಇಟ್ಟೀನಿ. ನೀವ ಹೇಳ್ರಿ.”

“ನೋಡಿದೆ ಈರಣ್ಣ,” ಎಂದೆ. “ಆ ಪುಟದಲ್ಲಿ ಮಕ್ಕಳ ಚಿತ್ರಗಳಿವೆ, ನಿಜ. ಒಂದು ನವಿಲು, ಒಂದು ರೈಲು, ಒಂದು ಗಣಪತಿ. ನಿಮ್ಮದಿಲ್ಲ.”

ನವಿಲು, ರೈಲು, ಗಣಪತಿ — ಅವೂ ಅಲ್ಲಿದ್ದವು. ವಿವರ ಸೇರಿದರೆ ಸುದ್ದಿಯನ್ನು ಜನ ನಂಬುತ್ತಾರೆ ಎಂಬುದು ನನ್ನ ಕಸುಬು ಕಲಿಸಿದ ಪಾಠ. ಅದನ್ನು ಆ ದಿನ ಅವರ ಮೇಲೆ ಬಳಸಿದೆ.

ಆ ಕಡೆ ಹಿನ್ನೆಲೆಯಲ್ಲಿ ಯಾವುದೋ ಯಂತ್ರದ ಸದ್ದು.

“ಹಂಗಾರ ನಾ ಕನಸ ಕಂಡಿರಬೇಕ್ರಿ,” ಎಂದರು ಈರಣ್ಣ. ಆಮೇಲೆ, ನನಗಲ್ಲ, ಮಗಳಿಗೆ — “ಕೇಳಿದಿಲ್ಲೋ? ಸರ ನೋಡ್ಯಾರಂತ. ಇಲ್ಲಂತ.”

ಅವರು ವಾದಿಸಿದ್ದರೆ, ಬೈದಿದ್ದರೆ, ಪುಟ ತೋರಿಸಿ ಎಂದು ಪಟ್ಟು ಹಿಡಿದಿದ್ದರೆ — ಗೊತ್ತಿಲ್ಲ. ಅವರು ನಂಬಿದರು. ಗುಂಪಿಗೆ ಮತ್ತೆ ಬರಲಿಲ್ಲ. ಕೆಲಸ ಜಾಸ್ತಿಯಂತೆ ಎಂದು ಯಾರೋ ಹೇಳಿದರು, ನಾನೂ ಹೌದೆಂದೆ. ಕೆಲವು ವರ್ಷಗಳಲ್ಲಿ ಗುಂಪೂ ಚದುರಿತು.

ನಾನು ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

“ಅಂಕಲ್, ನಾನು ನೀಲಾ. ಪೀಣ್ಯದ ಈರಣ್ಣನವರ ಮಗಳು. ಕಿಶೋರ್ ಅಂಕಲ್ ನಿಮ್ಮ ನಂಬರ್ ಕೊಟ್ರು.” ಅವಳಿಗೆ ಕೆಲಸ ಸಿಕ್ಕಿತ್ತು. ಮೊದಲ ಸಂಬಳದಲ್ಲಿ ಅಪ್ಪನಿಗೆ ಕಂಬಳಿವೀರನ ಯಾವುದಾದರೂ ಹಳೆಯ ಸಂಚಿಕೆ ಕೊಡಿಸಬೇಕಂತೆ. ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಅಪ್ಪ ಹೇಗಿದ್ದಾರೆ ಎಂದೆ.

“ಆರಾಮಿದಾರೆ ಅಂಕಲ್. ಒಂದೇ ಒಂದು ಅಭ್ಯಾಸ. ಏನೇ ಹಳೇದು ಹೇಳಿದ್ರೂ ಕೊನೇಲಿ ‘ಖರೇ ಐತೋ ಇಲ್ಲೋ, ನನಗ ಹಂಗ ಅನಸ್ತೈತಿ’ ಅಂತ ಸೇರಿಸ್ತಾರೆ. ಅಜ್ಜನ ವಿಷ್ಯ ಹೇಳಿದ್ರೂ ಅಷ್ಟೇ. ನಮ್ಮನೇಲಿ ಅಜ್ಜಂದು ಒಂದು ಫೋಟೋ ಕೂಡ ಇಲ್ಲ, ಅಪ್ಪನ ನೆನಪಲ್ಲಿ ಇರೋದಷ್ಟೇ. ಅದನ್ನೂ ಅನುಮಾನದಲ್ಲೇ ಹೇಳ್ತಾರೆ.” ಸ್ವಲ್ಪ ನಕ್ಕಳು. “ಆದ್ರೂ ಅವತ್ತು ನೀವು ನೋಡಿ ಹೇಳಿದ್ದು ಒಳ್ಳೇದಾಯ್ತು ಅಂಕಲ್. ಇಲ್ಲಾಂದ್ರೆ ಎಲ್ಲಾ ಕಡೆ ಹೇಳ್ಕೊಂಡು ನಗೆಪಾಟಲಾಗ್ತಿದ್ರು.”

ನಾನು ಒಂದು ಚಿತ್ರವನ್ನಷ್ಟೇ ಮುಚ್ಚಿಟ್ಟಿದ್ದೇನೆ ಎಂದು ಅಂದುಕೊಂಡಿದ್ದೆ — ಅಷ್ಟು ವರ್ಷವೂ.

ಕಿಶೋರನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು, “ಹಂಗಾದ್ರೆ ಸಾರ್, ನಿಮ್ಮ ದೀಪಾವಳಿ ಸಂಚಿಕೆ ಎರಡನೇದಾಯ್ತಲ್ಲ,” ಎಂದ. ಇನ್ನೇನೂ ಹೇಳಲಿಲ್ಲ. ಅವನ ಮೇಲೆ ಸಿಟ್ಟು ಬಂತು. ಆಮೇಲೆ, ನಾನೂ ಅಂದು ಬೆಳಿಗ್ಗೆ ಮೊದಲು ಎಣಿಸಿದ್ದು ಅದನ್ನೇ ಅಲ್ಲವೇ ಎನಿಸಿತು.

ಮುಂದಿನ ಭಾನುವಾರ ಪೀಣ್ಯಕ್ಕೆ ಹೋದೆ. “ಬರ್ರಿ ಸರ, ಎಷ್ಟ ದಿನಾ ಆತು,” ಎಂದು ಈರಣ್ಣ ಕುರ್ಚಿ ಎಳೆದರು. ನೀಲಾ ಚಹಾ ತಂದಳು. ಕುಡಿಯುವ ಮುನ್ನವೇ ಕವರು ಬಿಚ್ಚಿ ಪುಸ್ತಕವನ್ನು ಅವರ ಮುಂದೆ ಇಟ್ಟೆ. ಇದು ನಿಮ್ಮದು, ಇನ್ನು ನನ್ನಲ್ಲಿರಬಾರದು ಎಂದೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂಬದಿಯ ಪುಟ ತೆರೆದರು.

ಹೆಸರನ್ನು ಜೋರಾಗಿ ಓದಿದ್ದು ನೀಲಾ. ಈರಣ್ಣ ಓದಲಿಲ್ಲ. ಅವರ ಬೆರಳು ಆ ಚೌಕ ತೇಪೆಯ ಮೇಲೆ ನಿಂತಿತ್ತು.

“ಅವತ್ತ ಈ ಪುಟ ನೀವು ನೋಡಿರಲಿಲ್ಲೇನ್ರಿ?” ಎಂದು ಕೇಳಿದರು. ಅವರ ದನಿಯಲ್ಲಿ ನನಗೊಂದು ದಾರಿ ಬಿಟ್ಟುಕೊಡುವ ಸೌಜನ್ಯವಿತ್ತು.

“ನೋಡಿದ್ದೆ ಈರಣ್ಣ. ನೋಡಿದ ಮೇಲೇ, ನಿಮ್ಮ ಚಿತ್ರ ಇಲ್ಲ ಅಂದೆ. ನನ್ನ ಮಾತು ಕೆಳಗೆ ಬೀಳಬಾರದು ಅಂತ.”

ನೀಲಾ ತಲೆಯೆತ್ತಿದಳು. ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಪಾತ್ರೆ ಇಟ್ಟ ಸದ್ದು ಕೇಳಿಸಿತು, ಮಾಮೂಲಿಗಿಂತ ಸ್ವಲ್ಪ ಜೋರು.

ಈರಣ್ಣ ಬೈಯಲಿ ಎಂದು ಕಾದೆ. ಕ್ಷಮೆ ಕೇಳುವ ಮಾತು ಬಾಯಿಗೆ ಬಂತು — ಕೇಳಲಿಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಿದ್ದರು.

ಕೊನೆಗೆ ಅವರು ಪುಟದಿಂದ ಕಣ್ಣೆತ್ತಿದರು.

“ಹಂಗಾರ ಸರ,” ಎಂದರು, “ನಮ್ಮಪ್ಪ ನನ್ನ ಈ ಕಂಬಳಿಯೊಳಗ ಸುತ್ತಿಕೊಂಡು ಸಂತಿಗೆ ಹೊತ್ಕೊಂಡು ಹೋಗತಿದ್ದ. ದಾರ‍್ಯಾಗ ಹಾಡತಿದ್ದ. ಅದೂ ಖರೇನ ಇರಬೇಕಲ್ರಿ?”

ನನ್ನ ಬಳಿ ಅದಕ್ಕೆ ಪುಟವಿರಲಿಲ್ಲ. ಅವರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು — ಇಷ್ಟೆಲ್ಲ ಆದ ಮೇಲೂ, ಕೇಳುತ್ತಿದ್ದದ್ದು ನನ್ನನ್ನೇ.