ಕಾಡತೂಸಿಗೆ ಎಣ್ಣೆ

ಎಣ್ಣೆ ಹಚ್ಚಿದರೆ ಸರಿಹೋಗದ ವಸ್ತು ಜಗತ್ತಿನಲ್ಲಿಲ್ಲ ಎಂದು ನಂಬಿದ ಮನೆತನ ನಮ್ಮದು. ಬಾಗಿಲು ಕಿರ್ ಅಂದರೆ ಎಣ್ಣೆ, ಹೊಲಿಗೆ ಯಂತ್ರ ಮುನಿಸಿಕೊಂಡರೆ ಎಣ್ಣೆ, ಮಗುವಿಗೆ ನಿದ್ದೆ ಬಾರದಿದ್ದರೆ ನೆತ್ತಿಗೆ ಎಣ್ಣೆ. ಬೆಟಗೇರಿಯ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ವಿಜ್ಞಾನ ಕಲಿಸಿದ ನಾನು ‘ಘರ್ಷಣೆಯ ಉಪಯೋಗಗಳು’ ಎಂಬುದನ್ನು ಪ್ರತಿ ವರ್ಷ ಮಕ್ಕಳಿಗೆ ಬರೆಸುತ್ತಿದ್ದೆ, ನಿಜ. ಆದರೆ ಮನೆಗೆ ಬಂದವನೇ ಎಣ್ಣೆ ಡಬ್ಬಿ ಹುಡುಕುತ್ತಿದ್ದೆ. ಪಾಠವೇನಿದ್ದರೂ ಪರೀಕ್ಷೆಗೆ.

ಈ ನಂಬಿಕೆ ಅಲುಗಾಡಿದ್ದು ಈ ಸಲದ ದಸರೆಗೆ, ಡೋಣಿಯ ಅಕ್ಕನ ಮನೆಯಲ್ಲಿ. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿ ರೈಫಲ್ ಇಟ್ಟುಕೊಂಡಿದ್ದಾರೆ. ಕಪ್ಪತಗುಡ್ಡದಿಂದ ಇಳಿದು ಬರುವ ಹಂದಿಗಳ ಮೇಲೆ ಒಮ್ಮೆಯೂ ಹಾರಿಸಿದವರಲ್ಲ. ಹಂದಿಗಳಿಗೂ ಅದು ಗೊತ್ತಾಗಿದೆ. ರೈಫಲ್ ಹೊರಬೀಳುವುದು ವರ್ಷಕ್ಕೊಮ್ಮೆ, ಗದಗಿನ ಗುರಿ ಸ್ಪರ್ಧೆಗೆ. ಹೋದ ವರ್ಷ ಅಲ್ಲಿ ಗುಂಡು ಹಾರಿತು, ಆದರೆ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆ ರೈಫಲ್ಲಿನ ಒಳಗೇ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಬಾರದೆ ಮಾಮಾ ಮಂದಿಯೆದುರು ಬೆವತುಹೋದರು. ಆ ಅವಮಾನವನ್ನು ಅವರಿನ್ನೂ ನುಂಗಿಲ್ಲ.

ಈ ಸಲ ಸ್ಪರ್ಧೆ ಖಂಡೇಪೂಜೆಯ ಮರುದಿನವೇ ಬಂತು. ಪೂಜೆಯಲ್ಲಿ ಕುಡಗೋಲು, ಕೊಡಲಿ, ರೈಫಲ್ ಸಾಲಾಗಿ ಕೂತಿದ್ದವು. ಅಕ್ಕ ಎಲ್ಲಕ್ಕೂ ಎಣ್ಣೆ ಸವರಿ ಕುಂಕುಮ ಹಚ್ಚಿದಳು, ಕಾಡತೂಸುಗಳನ್ನೂ ಬಿಡಲಿಲ್ಲ. ಬೆಳಿಗ್ಗೆ ಅವನ್ನು ಮುಟ್ಟಿ ನೋಡಿದ ಮಾಮಾ ಹಿಗ್ಗಿದರು.

“ಛಲೋ ಆತು. ಈ ಸಲ ಕೊಳವಿ ಸರಳ ಹೊರಗ ಬರತೈತಿ. ಏನ್ ಮಾಸ್ತರ, ಖರೆ ಹೌದಲ್ಲೋ?”

ಹೌದು ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವರ ಕಣ್ಣು ಕಂಡಿತು. ಮಾಮಾನ ಎಡಗಣ್ಣು ಮಬ್ಬಾಗಿ ವರ್ಷಗಳಾದವು. ಅವರ ಬದುಕು ನಡೆದಿರುವುದೇ ಬಲಗಣ್ಣಿನ ಮೇಲೆ. ಗುರಿ ಹಿಡಿಯುವಾಗ ರೈಫಲ್ಲಿನ ಹಿಂಬದಿ ಮುಚ್ಚುವ ಬೋಲ್ಟಿಗೆ ಹತ್ತಿರವಿರುವುದೂ ಅದೇ ಕಣ್ಣು. ನನಗೆ ಯಾಕೋ ಭಯವಾಯಿತು.

ಲಕ್ಷ್ಮೇಶ್ವರದಲ್ಲಿ ಸೈನ್ಯದಿಂದ ನಿವೃತ್ತನಾದ ಗೆಳೆಯನಿದ್ದಾನೆ. ಅವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ.

“ಒರಸಿ ಹಾಕಾಕ ಹೇಳಲೇ! ಗುಂಡು ಹಾರಿದಾಗ ಆ ಹಿತ್ತಾಳಿ ಕೊಳವಿ ಉಬ್ಬಿ ರೈಫಲ್ಲಿನ ಒಳಗಿನ ಗೋಡಿ ಗಟ್ಟಿ ಹಿಡಕೋತೈತಿ. ಎಣ್ಣಿ ಇದ್ರ ಹಿಡಿತ ಜಾರತೈತಿ, ಪೆಟ್ಟೆಲ್ಲಾ ಬೋಲ್ಟಿಗೆ ಬೀಳತೈತಿ. ಅದರ ಹಿಂದ ಯಾರ ಮಾರಿ ಇರತೈತಿ ಗೊತ್ತಲ್ಲ?”

ಇಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲದೆ ಮೊಬೈಲಿನಲ್ಲಿ ಹುಡುಕಿದೆ. ಹಿಂದಿನ ಕಾಲದ ಕೆಲವು ಮಷಿನ್‌ಗನ್ನುಗಳಲ್ಲಿ ಕಾಡತೂಸಿಗೆ ಎಣ್ಣೆ ಸವರುವ ಪಂಪನ್ನೇ ಕೂಡಿಸಿದ್ದರಂತೆ. ಸಣ್ಣ ರೈಫಲ್ಲಿನ ಗುಂಡಿಗೆ ಕಾರ್ಖಾನೆಯಲ್ಲೇ ಮೇಣ ಹಚ್ಚಿರುತ್ತಾರಂತೆ. ಖಾಲಿ ಕೊಳವೆಗೆ ಮತ್ತೆ ಮದ್ದು ತುಂಬುವವರು ಅಚ್ಚಿಗೆ ಹಾಕುವಾಗ ಜಿಡ್ಡು ಹಚ್ಚಿ, ಆಮೇಲೆ ಒರೆಸಿಬಿಡುತ್ತಾರಂತೆ. ಗಟ್ಟಿ ರೈಫಲ್ ತಡೆಯುತ್ತದೆ ಎಂದೊಬ್ಬ, ಎಷ್ಟು ದಿನ ತಡೆಯುತ್ತದೆ ಎಂದಿನ್ನೊಬ್ಬ. ಓದುತ್ತ ಹೋದಂತೆ ನನ್ನ ತಲೆಯೇ ಎಣ್ಣೆ ಹಚ್ಚಿದ ಕಾಡತೂಸಿನಂತಾಯಿತು. ಯಾವ ಮಾತೂ ಒಳಗೆ ಹಿಡಿದು ನಿಲ್ಲಲೊಲ್ಲದು.

“ಮಷಿನ್‌ಗನ್ನಿಗೆ ನಡೀತಂದ್ರ ನಮ್ದೇನು ಮಣ್ಣಿಂದೇನು?” ಎಂದರು ಮಾಮಾ.

“ಅದನ್ನ ಎಣ್ಣಿಗಂತನ ಮಾಡಿದ್ರು ಮಾಮಾ. ಇದು ಬ್ಯಾರೆ. ಅಂದ್ರ, ಬ್ಯಾರೆ ಇರಬೇಕು” ಎಂದೆ. ಆ ‘ಇರಬೇಕು’ ನನ್ನ ಮಾತನ್ನೆಲ್ಲ ಕೆಡಿಸಿತು.

ಅಡಿಗೆಮನೆಯಿಂದ ಅಕ್ಕನ ತೀರ್ಪು ಬಂತು. “ಪೂಜಿ ಮಾಡಿದ್ದನ್ನ ಒರಸಬಾರ್ದು. ದೇವ್ರು ಕಾಯ್ತಾನ, ಹೋಗಿ ಬರ್ರಿ.”

ಮಾಮಾ ಕಾಡತೂಸಿನ ಡಬ್ಬಿ ಹಿಡಿದು, ರೈಫಲ್ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ದಾರಿಗೆಂದು ಪೂರಿ ಕರಿಯುತ್ತಿದ್ದ ಅಕ್ಕ ಬುತ್ತಿ ಹಿಡಿದು ಓಡಿಬಂದು, ಮೆಟ್ಟಿಲು ಇಳಿಯುತ್ತಿದ್ದವರನ್ನು ನಿಲ್ಲಿಸಲು ಮುಂಗೈ ಹಿಡಿದೆಳೆದಳು. ಎಣ್ಣೆಗೈ. ಸರ್ರನೆ ಜಾರಿತು. ಮಾಮಾ ಮುಗ್ಗರಿಸಿದರು. ಅಕ್ಕ ಬುತ್ತಿಯನ್ನು ಅಲ್ಲೇ ಬಿಟ್ಟು, ಕೈ ಸೆರಗಿಗೆ ತಿಕ್ಕಿಕೊಂಡು ಮತ್ತೆ ಹಿಡಿದಳು. ಈ ಸಲ ಹಿಡಿತ ನಿಂತಿತು, ಮಾಮಾನೂ ನಿಂತರು.

ಅಕ್ಕ ತನ್ನ ಕೈಯನ್ನೇ ನೋಡಿಕೊಂಡಳು. “ತಮ್ಮಾ, ಫೋನಿನ್ಯಾಗ ಅವರು ಹೇಳಿದ್ದು ಇದನ್ನೇನು?”

“ಇದನ್ನ ಅಕ್ಕಾ.” ಘರ್ಷಣೆಯ ಉಪಯೋಗ ಇಷ್ಟು ವರ್ಷದ ಮೇಲೆ ನನಗೂ ಅವತ್ತೇ ಅರ್ಥವಾಯಿತು ಎಂದು ಹೇಳಲಿಲ್ಲ.

ಅವಳು ಡಬ್ಬಿ ಕಸಿದುಕೊಂಡು ಕಟ್ಟೆಯ ಮೇಲೆ ಕೂತಳು. ಒಣ ಅರಿವೆ ತರಿಸಿ ಒಂದೊಂದೇ ಕಾಡತೂಸನ್ನು ಒರೆಸತೊಡಗಿದಳು.

“ಪೂಜಿ ಮಾಡಿದ್ದಲ್ಲೇನ ಅದು?” ಎಂದರು ಮಾಮಾ.

“ಪೂಜಿ ಮಾಡಿದ್ದು ಆ ಕಣ್ಣಿನ ಸಲುವಾಗೇ ರೀ.”

“ಮತ್ತ ಕೊಳವಿ ಸಿಕ್ಕೊಂಡ್ರ ಮಂದಿ ನಗತಾರ.”

“ನಗಲಿ. ನಗೋದನ್ನ ನೋಡಾಕರ ಕಣ್ಣಿರತೈತಲ್ಲ!”

ಮಷಿನ್‌ಗನ್ನಿನ ಎಣ್ಣೆ ಪಂಪಿನ ವಿಷಯ ನನಗಿನ್ನೂ ಬಗೆಹರಿದಿಲ್ಲ. ತಿಳಿದವರು ಸಿಕ್ಕರೆ ಕೇಳುತ್ತೇನೆ, ಇನ್ನಷ್ಟು ಗೊಂದಲವಾಗುತ್ತದೆ ಎಂದು ಗೊತ್ತಿದ್ದೂ.

ಸಂಜೆ ಮಾಮಾ ಮೋರೆ ಗಂಟು ಹಾಕಿಕೊಂಡು ಬಂದರು. ಕೊಳವೆ ಈ ಸಲವೂ ಸಿಕ್ಕಿಕೊಂಡಿತ್ತು. ರೈಫಲ್ಲಿನ ಒಳಗೆಲ್ಲ ಹಳೇ ತುಕ್ಕು, ಮೊದಲು ಅದನ್ನು ತೆಗೆಸಿರಿ ಎಂದು ಸ್ಪರ್ಧೆಯವರು ಹೇಳಿದರಂತೆ. ಚಹಾ ಕುಡಿಯುತ್ತ ಯಾರ್‍ಯಾರು ನಕ್ಕರು, ಯಾರು ಬಾಯಿಗೆ ಟಾವೆಲ್ ಅಡ್ಡ ಹಿಡಿದು ನಕ್ಕರು, ಯಾರ ಹಲ್ಲು ಎಷ್ಟು ಕಂಡವು ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈದರು. ಒಬ್ಬರನ್ನೂ ಬಿಡದೆ ಎಲ್ಲರನ್ನೂ ಸ್ಪಷ್ಟವಾಗಿ ನೋಡಿಕೊಂಡು ಬಂದಿದ್ದರು. ಅಕ್ಕ ಎದುರಿಗೆ ಕೂತು, ಇನ್ಯಾರು ನಕ್ಕರು ಎಂದು ಕೇಳುತ್ತಲೇ ಇದ್ದಳು.