ಅತ್ತೆಗೊಂದು ನರಿ ಬೇಕಿತ್ತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಭಾನುವಾರ ನಸುಕಿನಲ್ಲಿ, ರಾಣೆಬೆನ್ನೂರಿನ ಆಚೆ ಕಾಡಿನಂಚಿನ ಕೆರೆ ದಂಡೆಯಲ್ಲಿ, ಜಾಲಿಗಿಡದ ಹಿಂದೆ ಕುಕ್ಕರಗಾಲಲ್ಲಿ ಕೂತು, ಕತ್ತು ಮೇಲೆತ್ತಿ ನರಿಯ ಹಾಗೆ ಊಳಿಟ್ಟವನು ನಾನೇ.

ಪಕ್ಕದ ಟೆಂಟಿನಲ್ಲಿದ್ದ ಹುಬ್ಬಳ್ಳಿಯ ದಂಪತಿಗಳೇ, ಇದನ್ನು ಓದುತ್ತಿದ್ದರೆ ಕ್ಷಮಿಸಿ. ನೀವು ಮಲಗಿದಲ್ಲೇ ರೆಕಾರ್ಡ್ ಮಾಡಿಕೊಂಡು, ಚಹಾ ಕುಡಿಯುವಾಗ ನನಗೇ ಕೇಳಿಸಿ, ಸ್ಟೇಟಸ್ಸಿಗೂ ಹಾಕಿದ ಆ 'ಕಾಡಿನ ದನಿ' ಹಾವೇರಿ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯದು.

ಉಳಿದ ಓದುಗರಿಗೆ ಹೇಳಿಬಿಡುತ್ತೇನೆ, ನಾನು ಸ್ಟೇಜಿನ ಮೇಲೆ ಮಿಮಿಕ್ರಿ ಮಾಡುವವನು. ರೈಟ್ ಹೇಳುವ ಕಂಡಕ್ಟರ್, ಮೈಕ್ ಸಿಕ್ಕರೆ ಬಿಡದ ನಿವೃತ್ತ ಮಾಸ್ತರ್, ಫೋನಿನಲ್ಲಿ ಪಕ್ಕದೂರಿಗೂ ಕೇಳುವಂತೆ 'ಹಲೋ' ಅನ್ನುವ ನಮ್ಮಪ್ಪ, ಎಲ್ಲರ ದನಿಯೂ ನನಗೆ ಬರುತ್ತದೆ. (ನನ್ನ ಸ್ವಂತ ದನಿ ಯಾವುದು ಅಂತ ಕೇಳಬೇಡಿ. ಹುಡುಕುತ್ತಿದ್ದೇನೆ.) ಆದರೆ ಈ ಸಲ ಊಳಿಟ್ಟದ್ದು ಚಪ್ಪಾಳೆಗಲ್ಲ. ಶಾಂತತ್ತೆಯ ಖಾನಾವಳಿಗೆ.

ಶಾಂತತ್ತೆ ನಮ್ಮಪ್ಪನ ತಂಗಿ. ಬ್ಯಾಡಗಿಯಾಕೆ. ಊರಿನ ಮಂದಿಯೆಲ್ಲ ಮೆಣಸಿನಕಾಯಿಯ ಬೆನ್ನು ಹತ್ತಿದರೆ ಅತ್ತೆ ರೊಟ್ಟಿಯ ಬೆನ್ನು ಹತ್ತಿದಳು. ಇಷ್ಟು ವರ್ಷ ಬೇರೆಯವರ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು ಈಗ ಸ್ವಂತದ್ದು ತೆರೆಯಬೇಕು. ಮಾರ್ಕೆಟ್ ಹತ್ತಿರವೇ ಜಾಗ ಸಿಕ್ಕಿದೆ. ಬೋರ್ಡು ಬರೆಸಿ ಆಗಿದೆ. ಒಲೆ ಬಂದಿದೆ, ರೊಟ್ಟಿ ಬೇಯಿಸುವ ಹಂಚು ಬಂದಿದೆ. ಬಾಗಿಲು ಮಾತ್ರ ತೆರೆಯುತ್ತಿಲ್ಲ!

ಯಾಕೆ? ಮೊದಲು ಆಷಾಢ ಅಂದಳು. ಆಮೇಲೆ ಅಮಾವಾಸ್ಯೆ. ಆಮೇಲೊಂದು ದಿನ ಕೀಲಿ ಹಿಡಿದು ಹೊರಟಾಗ ಯಾರೋ ಸೀನಿದರು, ಹೊಸ್ತಿಲಿಂದಲೇ ವಾಪಸು. (ಬ್ಯಾಡಗಿಯಲ್ಲಿ ಸೀನು ಅಪಶಕುನ ಅಂತಾದರೆ ಆ ಊರಲ್ಲಿ ಒಂದಾದರೂ ಅಂಗಡಿ ತೆರೆದೀತೇ?) ಕದರಮಂಡಲಗಿ ಹನುಮಪ್ಪನಿಗೆ ಹೋಗಿ ಕಾಯಿ ಒಡೆಸಿದಳು. ಕಾಯಿ ಸರಿಸಮನಾಗಿ ಹೋಳಾಯಿತು.

"ಇನ್ನೇನ್ ಬೇಕು ಅತ್ತಿ?" ಅಂದೆ.

"ನರಿ," ಅಂದಳು.

ನಮ್ಮ ಕಡೆ ಯಾರಿಗಾದರೂ ದಿಢೀರಂತ ಒಳ್ಳೆಯದಾದರೆ 'ಮುಂಜಾನೆದ್ದು ನರಿ ಮುಖ ನೋಡಿದ್ಯೇನಲೇ' ಅನ್ನುವುದುಂಟು. ಎಲ್ಲರೂ ಅನ್ನುತ್ತಾರೆ. ನೋಡಿದವರು ಯಾರಿದ್ದಾರೆ? ನಮ್ಮ ಪಾಲಿಗೆ ಅದು ಮಾತು. ಅತ್ತೆಯ ಪಾಲಿಗೆ ಅದು ಅಡ್ರೆಸ್ಸಿಲ್ಲದ ಆಫೀಸು; ಅಲ್ಲಿಂದ ಪರ್ಮಿಷನ್ ಬಂದರೇ ಕೆಲಸ ಶುರು.

ಇಷ್ಟರಲ್ಲಿ ಜಾಗದ ಮಾಲೀಕನ ತಾಳ್ಮೆ ಮುಗಿಯಿತು. ಸೋಮವಾರ ಬಾಗಿಲು ತೆರೆಯದಿದ್ದರೆ ಕೀಲಿ ವಾಪಸು ಕೊಡಬೇಕು, ಮೊಬೈಲ್ ಅಂಗಡಿಯವನು ಕಾಯುತ್ತಿದ್ದಾನೆ ಅಂದ. ಅತ್ತೆ ನನಗೆ ಫೋನು ಮಾಡಿದಳು. ಆ ದನಿ ಮಾತ್ರ ನನಗೆ ಮಿಮಿಕ್ರಿ ಮಾಡಲು ಬರುವುದಿಲ್ಲ. ಜಗಳಗಂಟಿ ಹೆಂಗಸು ಹೆದರಿದಾಗ ಬರುವ ದನಿ ಅದು.

ನರಿಯನ್ನು ಎಲ್ಲಿಂದ ತರಲಿ? ಫೋನಿನಲ್ಲಿ ಹುಡುಕಿದೆ. ಬಿರಿಯಾನಿ ಮನೆಗೆ ತರಿಸುವ ಆ್ಯಪ್ ಇದೆ, ನರಿ ತರಿಸುವುದು ಇಲ್ಲ. ಕೊನೆಗೆ ಈ ಕೆರೆಯ ಕ್ಯಾಂಪಿಂಗ್ ಜಾಹೀರಾತು ಕಂಡಿತು. ನೀರು, ಟೆಂಟು, ಕ್ಯಾಂಪ್ ಫೈರ್, ಫೋಟೋದ ಮೂಲೆಯಲ್ಲೊಂದು ನರಿ. (ನಾಯಿಯೂ ಇರಬಹುದು. ಬಾಲ ಮಾತ್ರ ಕಾಣುತ್ತಿತ್ತು.)

ಶನಿವಾರ ಸಂಜೆ ತಲುಪಿದೆವು. ಅತ್ತೆ ಟೆಂಟಿನ ಸುತ್ತ ಒಂದು ಸುತ್ತು ಬಂದಳು. ಒಳಗೆ ಇಣುಕಿದಳು. ನಾನು ಜಿಪ್ ಎಳೆದು ತೋರಿಸಿದೆ.

"ಇದೇನಲೇ ಬಸ್ಯಾ, ಮೆಣಸಿನಕಾಯಿ ಚೀಲದಾಗ ತುಂಬಿ ಬಾಯಿ ಹೊಲ್ದಂಗ ಆತಲ್ಲೋ! ಇದರಾಗ ಮಲಗಾಕ ರೊಕ್ಕಾ ಬ್ಯಾರೆ ಕೊಟ್ಟಿಯೇನು?"

"ಇದು ಕ್ಯಾಂಪಿಂಗ್ ಅತ್ತಿ. ನೇಚರ್."

"ನೇಚರ್ ಹೊರಗೈತಿ. ನಾವು ಚೀಲದಾಗ ಅದೇವಿ."

ಅಷ್ಟರಲ್ಲಿ ಕೆರೆಯ ಆಚೆ ಬಯಲಿನಲ್ಲಿ ಚಿಗರಿಗಳ (ಕೃಷ್ಣಮೃಗಗಳ) ಹಿಂಡು ಕಾಣಿಸಿತು. ಕರಿಬೆನ್ನು, ತಿರುಚಿದ ಕೋಡು, ಬಿಸಿಲಿನಲ್ಲಿ ಮಿಂಚುವ ಬಿಳಿಹೊಟ್ಟೆ. ಹುಬ್ಬಳ್ಳಿ ದಂಪತಿಗೆ ಉಸಿರೇ ನಿಂತಿತ್ತು. ಅತ್ತೆ ಒಂದು ಗಳಿಗೆ ನೋಡಿ, "ಚಂದ ಅದಾವು. ನರಿ ಎಲ್ಲಿ?" ಅಂದಳು.

ಈ ಪ್ರಶ್ನೆಯನ್ನು ಆಕೆ ಅಲ್ಲಿಯ ಕಾವಲುಗಾರ ಮಾಬುಸಾಬ್‌ಗೂ ಕೇಳಿದಳು. ಬುತ್ತಿ ಬಿಚ್ಚಿ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೈಗಿಟ್ಟ ಮೇಲೆ. ಆತ ಎರಡನೆಯ ರೊಟ್ಟಿ ಮುರಿಯುತ್ತ ಹೇಳಿದ:

"ನಸುಕಿನ್ಯಾಗ ನೀರಿಗೆ ಇಳಿತಾವ್ರೀ ಅಕ್ಕಾರ. ಏಡಿ ಹಿಡಿಯಾಕ. ಸುಮ್ನ ಕುಂತ್ರ ಕಾಣ್ತಾವು. ಅಲ್ರೀ, ಇಂಥಾ ರೊಟ್ಟಿ ಇಟ್ಕೊಂಡು ನರಿ ಯಾಕ ಬೇಕ್ರಿ ನಿಮಗ?"

"ರೊಟ್ಟಿ ನಂಬಿ ಮಂದಿ ಬರ್ತಾರಂತ ಏನ್ ಗ್ಯಾರಂಟಿ ಐತಿ?" ಅಂದಳು ಅತ್ತೆ. ನಗಲಿಲ್ಲ. ಬುತ್ತಿ ಬಟ್ಟೆಯ ಗಂಟನ್ನು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚುತ್ತಿದ್ದಳು.

ಆಗ ನನಗೊಂದು ಕುತೂಹಲ ಹುಟ್ಟಿತು. ಎಷ್ಟೋ ವರ್ಷಗಳಿಂದ ಮಂದಿ ಈಕೆಯ ರೊಟ್ಟಿಯನ್ನೇ ತಿಂದು, ಬೇರೆಯವರ ಬೋರ್ಡಿನ ಹೆಸರು ಹೊಗಳಿ ಹೋಗಿದ್ದಾರೆ. ತನ್ನ ಕೈಯ ಬಗ್ಗೆ ಇಲ್ಲದ ನಂಬಿಕೆ ಏಡಿ ತಿನ್ನುವ ಪ್ರಾಣಿಯೊಂದರ ಮೂತಿಯ ಮೇಲೆ ಹೇಗೆ ಬರುತ್ತದೆ? ನಗಬೇಡಿ. ಇಂಟರ್‌ವ್ಯೂ ದಿನ ಅದೇ ನೀಲಿ ಅಂಗಿ ಹುಡುಕುವವರು ನೀವಲ್ಲವೇ? ಸ್ಟೇಜು ಹತ್ತುವ ಮೊದಲು ಎಡಗಾಲಿನ ಚಪ್ಪಲಿ ಮೊದಲು ಬಿಡುವವನು ನಾನಲ್ಲವೇ?

ಇನ್ನು ನಸುಕಿನ ವಿಷಯಕ್ಕೆ ಬರೋಣ.

ಒಪ್ಪಂದ ಹೀಗಿತ್ತು: ನಾನು ಮೊದಲೆದ್ದು ನೋಡುವುದು, ನರಿ ಕಂಡರೆ ಬಂದು ಅತ್ತೆಯನ್ನು ಕರೆಯುವುದು. ಎದ್ದೆ. ಕೂತೆ. ನೀರಿನ ಮೇಲೆ ಮಂಜು. ಕೊಕ್ಕರೆ ಇತ್ತು, ನರಿ ಇಲ್ಲ. ಪೂರ್ವ ದಿಕ್ಕು ಕೆಂಪಾಗುತ್ತಾ ಬಂತು. ನನಗೆ ಕಾಣುತ್ತಿದ್ದದ್ದು ಸೂರ್ಯನಲ್ಲ, ಮೊಬೈಲ್ ಅಂಗಡಿಯವನು.

ಮಾಬುಸಾಬ್ 'ಸುಮ್ನ ಕುಂತ್ರ' ಅಂದಿದ್ದ. ಸುಮ್ಮನೆ ಕೂರುವುದು ಬಂದಿದ್ದರೆ ನಾನು ಇಷ್ಟು ಹೊತ್ತಿಗೆ ಗೌರವಸ್ಥನಾಗಿರುತ್ತಿದ್ದೆ. ಕರೆದರೆ ಬರುತ್ತವೇನೋ ಅನ್ನಿಸಿತು. ಊಳಿಟ್ಟೆ.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆರೆಯ ಆಚೆಯಿಂದ, ಸಣ್ಣಗೆ, ಉದ್ದಕ್ಕೆ, ಉತ್ತರ ಬಂತು!

ಇಷ್ಟು ದಿನ ಎಷ್ಟು ಜನರ ದನಿ ಮಾಡಿದ್ದೇನೆ, ನಕ್ಕಿದ್ದಾರೆ, ಬೈದಿದ್ದಾರೆ. ತಮ್ಮವನೇ ಅಂತ ತಿಳಿದು ಉತ್ತರ ಕೊಟ್ಟವರು ಯಾರೂ ಇಲ್ಲ. ಅದು ಏನಂದಿತು? 'ಯಾವೂರಪಾ' ಅಂದಿತೋ, 'ಬಾಯಿ ಮುಚ್ಚು' ಅಂದಿತೋ? ತಿಳಿಯಬೇಕಲ್ಲ? ಮತ್ತೆ ಊಳಿಟ್ಟೆ. ಈ ಸಲ ಕಣ್ಣು ಮುಚ್ಚಿ, ಎದೆ ತುಂಬಿ, ಕುತ್ತಿಗೆ ಪೂರ್ತಿ ಎತ್ತಿ.

ಹಿಂದೆ ಬಳೆ ಸದ್ದಾಯಿತು.

ತಿರುಗಿದೆ. ಅತ್ತೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, ಒಂದು ಕೈ ಮುಂದೆ ಚಾಚಿ, ಕಾಲಲ್ಲಿ ನೆಲ ತಡಕುತ್ತ ಬರುತ್ತಿದ್ದಾಳೆ. ದಾರಿಯಲ್ಲಿ ಕೊಕ್ಕರೆ ಮುಖವೋ, ಹುಬ್ಬಳ್ಳಿಯವರ ಮುಖವೋ ಮೊದಲು ಬಿದ್ದರೆ ಎಲ್ಲ ಕೆಟ್ಟಂತಲ್ಲವೇ? ಅದಕ್ಕೆ ಟೆಂಟಿನ ಜಿಪ್ಪನ್ನೂ ಕಣ್ಣು ಮುಚ್ಚಿಯೇ ತೆಗೆದು, ದನಿಯನ್ನೇ ಹಿಡಿದುಕೊಂಡು ಬಂದಿದ್ದಳು. ಜಾಲಿಗಿಡದ ಹತ್ತಿರ ನಿಂತಳು. ಒಮ್ಮೆ ಕೈಮುಗಿದಳು. ಸೆರಗು ಸರಿಸಿ, ಕಣ್ಣು ಬಿಟ್ಟಳು.

ಎದುರಿಗೆ ನಾನು. ಬಾಯಿ ಇನ್ನೂ ತೆರೆದೇ ಇತ್ತು.

ಆ ಹೊತ್ತಿಗೆ ಮಾಬುಸಾಬ್ ಕೋಲು ಹಿಡಿದು ಓಡಿ ಬಂದ. "ನೀವೇನ್ರೀ ಸರ್ ಅದು! ಆಚೀ ದಂಡಿಗೆ ಎರಡು ನರಿ ನೀರಿನ ತನಕ ಬಂದಿದ್ವು. ನೀವು ಒದರೂದು ಕೇಳಿ ತಿರುಗಿ ಓಡಿದ್ವು ನೋಡ್ರಿ! ಕಾಡಿನಾಗ ಹಿಂಗೆಲ್ಲ ಮಾಡಬಾರದ್ರೀ."

ಅಂದರೆ ಅತ್ತೆಯ ನರಿ ಬಂದಿತ್ತು. ಅದನ್ನು ಓಡಿಸಿದವನು ನಾನು.

ಯಾವ ದನಿಯೂ ನೆನಪಾಗಲಿಲ್ಲ ನನಗೆ. ಕಂಡಕ್ಟರ್ ಇಲ್ಲ, ಮಾಸ್ತರ್ ಇಲ್ಲ. ನನ್ನದೇ ದನಿಯಲ್ಲಿ (ಅದು ಬಹಳ ಸಣ್ಣದು ಅಂತ ಅವತ್ತು ಗೊತ್ತಾಯಿತು) ಹೇಳಿದೆ: "ತಪ್ಪಾತು ಅತ್ತಿ. ನಾ ಮಾಲೀಕನ ಕಾಲು ಹಿಡಿತೇನಿ. ಇನ್ನೊಂದು ವಾರ ಕೇಳ್ತೇನಿ. ಮುಂದಿನ ಐತವಾರ ಮತ್ತ ಬರೂಣು, ನರಿ ಮುಖ ನೋಡಿನ ಬಾಗಲಾ ತಗಿಯಾಕಂತಿ."

ಅತ್ತೆಗೆ ಇದಕ್ಕಿಂತ ಒಳ್ಳೆಯ ನೆಪ ಸಿಕ್ಕಿರಲಿಲ್ಲ. ಆಷಾಢಕ್ಕಿಂತ ಗಟ್ಟಿ, ಸೀನಿಗಿಂತ ದೊಡ್ಡದು. ತೆಗೆದುಕೊಂಡರೆ ಸಾಕಿತ್ತು.

ಆಕೆ ಆಚೆ ದಂಡೆಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡುವ ಹಾಗೆ ನನ್ನ ಗದ್ದ ಹಿಡಿದು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ತಿರುಗಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನರೀನ ಹೆದರಿ ಓಡಿದ ಮುಖ ಅಂದ್ರ ನರಿಗಿಂತಾ ಜೋರ್ ಇರಬೇಕಲ್ಲೋ ಭಾಡ್ಯಾ! ನಾಳೆ ಬಾಗಲಾ ತಗೀತೇನಿ. ಲಗೂ ಬಾ, ಉಳ್ಳಾಗಡ್ಡಿ ಹೆಚ್ಚೂದೈತಿ."