ಸಂಜೆ ಮರಿ ಬಿಡುವ ಹೊತ್ತು

ಕಳೆದ ತಿಂಗಳು ಶಿರಾದ ನಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತಾ ನಿಂತವನು ನಿಂತೇಬಿಟ್ಟೆ. ಮುಂದಿನ ವಾಕ್ಯ ಬರಲಿಲ್ಲ. ಹೋಗಲಿ, ಹಿಂದಿನ ವಾಕ್ಯ ಯಾವುದು? ಅದೂ ಇಲ್ಲ. (ತರ್ಕಶಾಸ್ತ್ರದ ಪಾಠ ಬೇರೆ!) ಮೇಷ್ಟ್ರು ಏನೋ ಆಳವಾಗಿ ಯೋಚಿಸುತ್ತಿದ್ದಾರೆಂದು ಮಕ್ಕಳು ಪಾಪ ಸುಮ್ಮನೆ ಕಾದರು.

ಡಾಕ್ಟರು ಟೆಸ್ಟ್ ಎಲ್ಲ ಮಾಡಿಸಿ, "ಏನೂ ಇಲ್ಲ, ಟೆನ್ಷನ್. ಸ್ವಲ್ಪ ದಿನ ಪ್ರಕೃತಿಯ ನಡುವೆ ಇದ್ದು ಬನ್ನಿ" ಎಂದರು. ನನಗೆ ಎರಡರ ಮೇಲೂ ನಂಬಿಕೆ ಬರಲಿಲ್ಲ. ರಿಪೋರ್ಟಿನ ಮೇಲೂ, ಪ್ರಕೃತಿಯ ಮೇಲೂ.

ನೆನಪು ಕೈಕೊಟ್ಟ ಮೇಷ್ಟ್ರಿಗೆ ತರಗತಿಯಲ್ಲೇನು ಕೆಲಸ? ವಿಆರ್‌ಎಸ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿ, ಅದನ್ನು ಹೇಳಲು ಅಕ್ಕನ ಹಟ್ಟಿಗೆ ಹೋದೆ. ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿನಲ್ಲಿ ಕುರಿ ಸಾಕಿಕೊಂಡಿರುವ ಅಕ್ಕ ಅವಳು. ನಾನು ಹೋದಾಗ ಕುರಿಗಳು ಮೇವು ಮುಗಿಸಿ ಮುಳ್ಳುಬೇಲಿಯ ರೊಪ್ಪದೊಳಗೆ ನುಗ್ಗುತ್ತಿದ್ದವು.

"ಕೆಲ್ಸ ಬುಡ್ತೀಯಾ? ಆಮೇಲ್ ಮಾತಾಡಾನ. ಮೊದ್ಲು ಆ ಮರಿ ಹಿಡ್ಕ!" ಎಂದಳು.

ಹಗಲೆಲ್ಲ ತಟ್ಟಿಯೊಳಗೆ ಕೂಡಿಟ್ಟ ಎಳೆಮರಿಗಳನ್ನು ಸಂಜೆ ತಾಯಂದಿರ ಬಳಿಗೆ ಬಿಡುತ್ತಾರೆ. ತಾಯಿ ಸಿಗದೆ ಅರಚುವ ಮರಿಗಳನ್ನು ಗುರುತು ಹಿಡಿದು ಸೇರಿಸಬೇಕು. ಯಾವ ಮರಿ ಯಾವ ಕುರಿಯದು ಎಂಬುದು ನೆನಪಿರಬೇಕು. ನೆನಪು! ಬೇಕಿತ್ತೇ ನನಗಿದು?

ಚಿಕ್ಕಂದಿನಲ್ಲಿ ಈ ಕೆಲಸದಲ್ಲಿ ನಾನು ನಿಸ್ಸೀಮ ಎಂದೇ ನನ್ನ ನೆನಪು. ಧೈರ್ಯವಾಗಿ ಒಂದು ಕಪ್ಪು ಕಿವಿಯ ಮರಿಯನ್ನು ಒಂದು ಕಪ್ಪು ಕಿವಿಯ ಕುರಿಯ ಕೆಚ್ಚಲಿಗೆ ಹಿಡಿದೆ. ಕುರಿ ಮೂಸಿ ನೋಡಿತು. ಒದ್ದಿತು. (ಮರಿಗಲ್ಲ, ನನಗೆ.)

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಕುಸಿದೇಹೋದೆ. "ನೋಡ್ದ್ಯಾ ಅಕ್ಕ? ಆಗ ಎಲ್ಲಾ ಗುರುತು ಸಿಗ್ತಿತ್ತು. ಈಗ ಮರೆತೇಹೋಗಿದೆ."

"ಯಾವಾಗ್ ಸಿಗ್ತಿತ್ಲಾ? ಮರೆಯಾಕೆ ನಿಂಗ್ ಗೊತ್ತಿದ್ರಲ್ವಾ! ಅಪ್ಪ ನಿನ್ ಕೈಗೆ ಮರಿ ಕೊಡ್ಬ್ಯಾಡ ಅಂತಿತ್ತು. ಒದೆಸ್ಕೊಂಡು ಬಂದು ನನ್ ಹತ್ರ ಅಳ್ತಿದ್ದೆ ಕಣ್ಲಾ."

ಯಾರ ನೆನಪು ಸರಿ? ಸಾಕ್ಷಿ ಹೇಳಲು ಅಪ್ಪ ಇಲ್ಲ. ಆದರೆ ಅವಳ ನೆನಪೇ ಸರಿಯಿರಲಿ ಎಂದು ನಾನು ಮೊದಲ ಸಲ ಆಸೆಪಟ್ಟೆ.

"ತಪ್ಪು ಕುರಿಗೆ ಬಿಟ್ರೆ ಮರಿ ಗತಿಯೇನು?" ಎಂದೆ.

"ನೀನ್ ತಪ್ಪಿದ್ರೆ ತಾಯಿ ತಪ್ತಾಳಾ? ಅವ್ಳಿಗೆ ವಾಸ್ನೆ ಗೊತ್ತು. ಇನ್ನೊಂದಕ್ಕೆ ಹಿಡಿ. ಅಷ್ಟೇಯ."

ಇನ್ನೊಂದಕ್ಕೆ ಹಿಡಿದೆ. ಮತ್ತೊಂದಕ್ಕೆ. ಕೊನೆಗೊಂದು ಕುರಿ ಮೂಸಿ, ಕಾಲು ಅಗಲಿಸಿ ನಿಂತಿತು. ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಎಳೆಯತೊಡಗಿತು. ನಾನು ಹಾಗೇ ಮಣ್ಣಲ್ಲಿ ಕೂತೆ. ಪಿಎಚ್‌ಡಿ ಬಂದ ದಿನವೂ ಇಷ್ಟು ಬೀಗಿದ್ದೆನೋ ಇಲ್ಲವೋ!

ಅರಚಾಟ ಅಡಗಿತು. ತಂಗಡಿ ಹೂವಿನ ಮೇಲೆ ಕೊನೆಯ ಬಿಸಿಲು. ಆಚೆ ಜಾಲಿಮರದ ಹತ್ತಿರ ಒಂದು ಚಿಂಕಾರ ಜಿಂಕೆ ತಲೆಯೆತ್ತಿ ನಮ್ಮನ್ನೇ ನೋಡುತ್ತಿತ್ತು. ನಾನು ಉಸಿರು ಬಿಗಿಹಿಡಿದರೆ ಅಕ್ಕ, "ದಿನಾ ಬತ್ತದೆ, ನಮ್ಮದೇ" ಎಂದಳು, ಕುರಿಗಳ ಪೈಕಿ ಅದೂ ಒಂದು ಎಂಬಂತೆ. ಬುಕ್ಕಾಪಟ್ಟಣದಿಂದ ಪಾವಗಡದವರೆಗೆ ಬರೀ ಕಲ್ಲು, ಮುಳ್ಳು ಎಂದು ಮೂಗು ಮುರಿಯುವವರು ಬಂದು ನೋಡಲಿ ಈ ನಮ್ಮ ಬಯಲನ್ನು!

ಆಗ ಗಮನಿಸಿದೆ: ಬಹಳ ಹೊತ್ತಿನಿಂದ ನಾನು ಹೆದರಿಯೇ ಇರಲಿಲ್ಲ. ಶಾಂತಿ ಎಂದರೆ ಇದೇ ಏನು? ಅಥವಾ ಹೆದರುವುದನ್ನೂ ಮರೆತೆನೋ? (ಅನುಮಾನ ಹುಟ್ಟುಗುಣ, ಕ್ಷಮಿಸಿ.)

ಸೋಮವಾರ ಕಾಲೇಜಿಗೆ ಹೊರಟಿದ್ದೇನೆ. ಮಾತು ಮತ್ತೆ ತಪ್ಪಿಹೋದರೆ ಎದುರು ಕೂತವರನ್ನೇ ಕೇಳಿದರಾಯಿತು. ಪಾಠವನ್ನು ನೆನಪಿಡುವ ಹೊಣೆ ಮೇಷ್ಟ್ರೊಬ್ಬನದೇ ಎಂದು ಹೇಳಿದವರು ಯಾರು?